ಗ್ಯಾಸ್ ಆಫ್ ಮಾಡಿದ್ದೇನಾ? ನೋಡಿದಷ್ಟೂ ಹೆಚ್ಚುವ ಅನುಮಾನ

ಒಲೆ ಆರಿಸಿ, ಬೀಗ ಹಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಅನುಮಾನ ಬಂತು ಅಂತಿಟ್ಟುಕೊಳ್ಳಿ. ವಾಪಸ್ ಬಂದು ಒಮ್ಮೆ ನೋಡಿ ಹೊರಟರೆ ಅದು ಎಚ್ಚರಿಕೆ. ಹತ್ತು ಸಲ ನೋಡಿಯೂ ಸಮಾಧಾನವಿಲ್ಲದಿದ್ದರೆ ಅದು ಒಸಿಡಿ, ಅಂದರೆ ಗೀಳು ಇರಬಹುದು.

ನಾಬ್ ನೋಡಿದೊಡನೆ ಆತಂಕ ಇಳಿಯುತ್ತದಲ್ಲ, ನಾಳೆ ಮತ್ತೆ ನೋಡಿಸುವುದೇ ಆ ನಿರಾಳ. ಬೇಡದ್ದು ತೊಲಗಿದ್ದರಿಂದ ವರ್ತನೆ ಬೇರೂರಿತು. ಇದೇ ಋಣಾತ್ಮಕ ಪುನರ್ಬಲನ. ಇದನ್ನು ಶಿಕ್ಷೆ ಎಂದುಕೊಳ್ಳುವವರೇ ಹೆಚ್ಚು. ಶಿಕ್ಷೆ ವರ್ತನೆಯನ್ನು ತಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ. ಅನಾಹುತ ಆಗದೇ ಇದ್ದದ್ದರ ಶ್ರೇಯವೂ 'ನಾನು ನೋಡಿದ್ದಕ್ಕೇ' ಎಂದು ಆ ನೋಟಕ್ಕೇ ಸಲ್ಲುವುದರಿಂದ, ಭಯ ಸುಳ್ಳೆಂದು ತಿಳಿಯುವ ಸಂದರ್ಭವೇ ಬರುವುದಿಲ್ಲ.

ನೋಡಿದಷ್ಟೂ ಖಾತ್ರಿಯಾದರೂ ಹೆಚ್ಚುತ್ತದೆಯೇ? ಅದೂ ಇಲ್ಲ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ವಾನ್ ಡೆನ್ ಹೌಟ್ ಮತ್ತು ಕಿಂಡ್ಟ್ 2003ರಲ್ಲಿ ಕಂಪ್ಯೂಟರಿನಲ್ಲಿ ಗ್ಯಾಸ್ ಒಲೆ ತೋರಿಸಿ, ಅದನ್ನೇ ಮತ್ತೆ ಮತ್ತೆ ಪರೀಕ್ಷಿಸಲು ಹೇಳಿದರು. ಪರೀಕ್ಷಿಸಿದವರ ನೆನಪು ಸರಿಯಾಗಿಯೇ ಇತ್ತು. ಅದರ ಸ್ಪಷ್ಟತೆ ಮಾಸಿತ್ತು, ಅದರ ಮೇಲಿನ ನಂಬಿಕೆ ಕುಸಿದಿತ್ತು.

ಆತಂಕವಿದ್ದರೂ ನೋಡದೆ ಇರುವ ಅಭ್ಯಾಸವೇ ಇದಕ್ಕೆ ಚಿಕಿತ್ಸೆ. ಮೊದಲು ಸನ್ನಿವೇಶಗಳಿಗೆ 0ಯಿಂದ 100ರವರೆಗೆ ಆತಂಕದ ಅಂಕ ಕೊಡಿಸುತ್ತೇವೆ. 30-40ರ ಮಟ್ಟದಿಂದ ಶುರು: ನಾಬ್ ಒಮ್ಮೆ ತಿರುಗಿಸಿ, ಹಿಂದಿರುಗಿ ನೋಡದೆ ಹಾಲ್‌ಗೆ ಬರುವುದು. ಆಮೇಲೆ ಗೇಟಿನಾಚೆ, ಆಮೇಲೆ ಒಂದು ಗಂಟೆ ಹೊರಗೆ. 5 ನಿಮಿಷಕ್ಕೊಮ್ಮೆ ಅಂಕ ಬರೆದುಕೊಳ್ಳಬೇಕು. ಮೊದಮೊದಲು ಅಂಕ ಏರುತ್ತದೆ. ಆಗ ತಡೆಯಲಾರದೆ ಓಡಿಬಂದು ನೋಡಿದರೆ, ಸಾಕಷ್ಟು ಒದ್ದಾಡಿದರೆ ನಿರಾಳ ಸಿಕ್ಕೇ ಸಿಗುತ್ತದೆ ಎಂದು ಕಲಿತಂತಾಯಿತು. ಹೀಗೆ ಆಗೊಮ್ಮೆ ಈಗೊಮ್ಮೆ ಫಲ ಸಿಗುವ ಚಾಳಿಯನ್ನು ಬಿಡಿಸುವುದು ಇನ್ನೂ ಕಷ್ಟ. ಹಾಗೆ ಓಡಿಬಂದು ನೋಡುವುದಕ್ಕಿಂತ, ಕಡಿಮೆ ಅಂಕದ ಸುಲಭದ ಮೆಟ್ಟಿಲಿಗೆ ಇಳಿಯುವುದೇ ವಾಸಿ.

ಅಭ್ಯಾಸ ಕೆಡುವುದು ಕಳ್ಳದಾರಿಗಳಿಂದ: ನಾಬ್‌ನ ಫೋಟೊ ತೆಗೆದಿಟ್ಟುಕೊಳ್ಳುವುದು, ಮನಸ್ಸಿನಲ್ಲೇ 'ಆಫ್, ಆಫ್' ಎಂದು ಎಣಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರನ್ನು ಕೇಳುವುದು. 'ಹೂಂ, ಆಫ್ ಆಗಿದೆ ಕಣ್ರೀ' ಎಂದು ಹೆಂಡತಿ ಹೇಳಿದರೆ ಗಂಡನಿಗೆ ಆತಂಕದಿಂದ ಬಿಡುಗಡೆ, ಆಕೆಗೆ ಅವನ ಕಾಟದಿಂದ. ಇಬ್ಬರೂ ಒಂದೇ ಬಲೆಯಲ್ಲಿ! 'ಗಾಬರಿ ಆಗ್ತಿದೆ ಅಂತ ಗೊತ್ತು, ಆದರೆ ಉತ್ತರ ಹೇಳಬಾರದು ಅಂತ ಮಾತಾಗಿದೆಯಲ್ಲ' ಎನ್ನುವುದು ಸರಿಯಾದ ಉತ್ತರ. ಇದನ್ನು ಮೊದಲೇ ಇಬ್ಬರೂ ಒಪ್ಪಿರಬೇಕು. ಏಕಾಏಕಿ ಬಾಯಿ ಮುಚ್ಚಿಕೊಂಡರೆ ಜಗಳವೇ ಗತಿ.

ರಾತ್ರಿ ಒಮ್ಮೆ ರೆಗ್ಯುಲೇಟರ್ ಮುಚ್ಚುವುದು ಗೀಳಲ್ಲ, ಅದು ಸುರಕ್ಷತೆ. ನಿಜಕ್ಕೂ ಗ್ಯಾಸ್ ವಾಸನೆ ಬಂದರೆ ಈ ಅಭ್ಯಾಸವನ್ನೆಲ್ಲ ಬದಿಗಿಟ್ಟು, ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ. ಪರೀಕ್ಷಿಸುವುದರಲ್ಲೇ ದಿನಕ್ಕೆ ಗಂಟೆಗೂ ಹೆಚ್ಚು ಹೊತ್ತು ಹೋಗುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಸಿಡಿ ಕ್ಲಿನಿಕ್ ಇದೆ. ಹಲವರಿಗೆ ಅಭ್ಯಾಸದ ಜೊತೆ ಮಾತ್ರೆಯೂ ಬೇಕಾಗುತ್ತದೆ.