ಒಮ್ಮೆ ಡೆಂಗಿ ಬಂದವರಿಗೆ ಲಸಿಕೆ ಯಾಕೆ?

ಪ್ರಶ್ನೆ: ಹೋದ ಮಳೆಗಾಲದಲ್ಲಿ ನನಗೆ ಡೆಂಗಿ ಬಂದು ವಾಸಿಯಾಯಿತು. ಒಮ್ಮೆ ಬಂದರೆ ಮತ್ತೆ ಬರಲ್ಲ ಅಲ್ವಾ? ನನ್ನಂಥವರಿಗೆ ಲಸಿಕೆ ಯಾಕೆ ಬೇಕು?

ಮಳೆ ಶುರುವಾದರೆ ಈ ಪ್ರಶ್ನೆಯೂ ಶುರು. ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಡೆಂಗಿ ಮತ್ತೆ ಬರುತ್ತದೆ. ನಾಲ್ಕು ಸಲವೂ ಬರಬಹುದು.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ನಿಮಗೆ ಬಂದದ್ದು ಒಂದು. ಅದರಿಂದ ಬಹುಕಾಲ ರಕ್ಷಣೆ ಸಿಗುತ್ತದೆ, ನಿಜ. ಉಳಿದ ಮೂರರಿಂದ ಸಿಗುವುದು ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ತಗುಲಿದರೆ ಕಾಯಿಲೆ ಜೋರಾಗುವ ಸಂಭವ ಜಾಸ್ತಿ. ಹಳೆಯ ಪ್ರತಿಕಾಯಗಳು, ಅಂದರೆ ಮೊದಲ ಸೋಂಕಿನ ವಿರುದ್ಧ ದೇಹ ತಯಾರಿಸಿಕೊಂಡ ರಕ್ಷಣಾ ಪ್ರೋಟೀನ್‌ಗಳು, ಹೊಸ ವೈರಸ್‌ಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕೊಲ್ಲಲಾರವು. ಪ್ರತಿಕಾಯ ಅಂಟಿದ್ದನ್ನೆಲ್ಲ ನುಂಗುವುದು ಕೆಲವು ಬಿಳಿ ರಕ್ತಕಣಗಳ ಕೆಲಸ. ಅವು ವೈರಸ್ಸನ್ನೂ ಒಳಗೆಳೆದುಕೊಳ್ಳುತ್ತವೆ. ಅದು ಬೆಳೆಯುವುದೇ ಆ ಕಣಗಳೊಳಗೆ! ಕೊನೆಗೆ ರಕ್ತನಾಳ ಸೋರಿ ಬಿಪಿ ಕುಸಿಯುತ್ತದೆ. ಅದೂ ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ. 'ನನಗೆ ಆಗಲೇ ಬಂದು ಹೋಗಿದೆ' ಎಂದು ಮನೆಯಲ್ಲೇ ಉಳಿಯುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ.

ಲಸಿಕೆ ತಡವಾಗಿದ್ದಕ್ಕೂ ಇದೇ ದೊಡ್ಡ ಕಾರಣ. ಲಸಿಕೆ ನಾಲ್ಕೂ ಬಗೆಗಳನ್ನು ತಡೆಯಬೇಕು. ಇಲ್ಲದಿದ್ದರೆ ಅದೇ ಮೊದಲ ಸೋಂಕಿನ ಹಾಗೆ ಕೆಲಸ ಮಾಡಿಬಿಡಬಹುದು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್ವಾಕ್ಸಿಯಾ ಎಂಬ ಡೆಂಗಿ ಲಸಿಕೆ ಕೊಟ್ಟರು. ಡೆಂಗಿ ಬಂದೇ ಇರದವರು ಇದನ್ನು ತೆಗೆದುಕೊಂಡರೆ, ಮುಂದೆ ಸೋಂಕು ತಗುಲಿದಾಗ ಕಾಯಿಲೆ ತೀವ್ರವಾಗಬಹುದು ಎಂದು 2017ರ ನವೆಂಬರ್‌ನಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಹೇಳಿತು. ಕಾರ್ಯಕ್ರಮ ನಿಂತುಹೋಯಿತು. ನಮ್ಮ ದೇಶದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಲ್ಲಿ ಶುರುವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ತಲಾ ಎರಡು ವರ್ಷ ಗಮನಿಸುವ ಯೋಜನೆ ಅದು. ಇಷ್ಟು ನಿಧಾನ ಬೇಕೇ ಬೇಕು.

ಹಾಗಾದರೆ ಸೊಳ್ಳೆಯಿಂದಲೇ ಹರಡುವ ಮೆದುಳು ಜ್ವರಕ್ಕೆ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್‌ಗೆ, ಲಸಿಕೆ ಎಂದೋ ಬಂತಲ್ಲ? ಅಲ್ಲಿ ಒಂದು ಲಸಿಕೆ ಎಲ್ಲ ತಳಿಗಳಿಗೂ ಹೆಚ್ಚುಕಮ್ಮಿ ಸಾಕಾಗುತ್ತದೆ. 2013ರಲ್ಲಿ ಬಂದ ಜೆನ್‌ವ್ಯಾಕ್ ಎಂಬ ಮೆದುಳು ಜ್ವರದ ಲಸಿಕೆಯನ್ನು ನಮ್ಮ ಕೋಲಾರದ ರೋಗಿಯಲ್ಲಿ ಸಿಕ್ಕ ವೈರಸ್‌ನಿಂದಲೇ ಮಾಡಿದ್ದು. ಹೆಮ್ಮೆಯಿಂದಲೇ ಹೇಳುತ್ತೇನೆ. ಈ ವೈರಸ್ ಹಂದಿಗಳಲ್ಲೂ ಬೆಳ್ಳಕ್ಕಿಗಳಲ್ಲೂ ಬೆಳೆದು, ಗದ್ದೆ ನೀರಿನ ಸೊಳ್ಳೆಯಿಂದ ಮಕ್ಕಳಿಗೆ ಬರುತ್ತದೆ. ಹಂದಿಗೇ ಲಸಿಕೆ ಹಾಕಿದರಾಯಿತಲ್ಲ ಅನ್ನಬೇಡಿ. ಹಂದಿಮರಿಗಳು ಹುಟ್ಟುತ್ತಲೇ ಇರುತ್ತವೆ, ತಾಯಿಯಿಂದ ಬಂದ ಪ್ರತಿಕಾಯ ಇರುವಷ್ಟು ದಿನ ಮರಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಬೆಳ್ಳಕ್ಕಿಯನ್ನಂತೂ ಹಿಡಿಯುವವರಾರು? ಆದ್ದರಿಂದ ಈ ಜ್ವರವಿರುವ ಜಿಲ್ಲೆಗಳಲ್ಲಿ ಮಕ್ಕಳಿಗೇ ಉಚಿತವಾಗಿ ಎರಡು ಡೋಸ್ ಹಾಕುತ್ತಾರೆ: ಒಂಬತ್ತು ತಿಂಗಳು ತುಂಬಿದ ಮೇಲೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡ್ ತೆಗೆದು ಎರಡನೆಯದು ಆಗಿದೆಯಾ ನೋಡಿ.