ಎಲೆಕ್ಟ್ರಿಕ್ ಗಾಡಿ ಬಂತು ಅಂದ್ರ ಡ್ರ್ಯಾಗ್ ರೇಸಿನ್ಯಾಗ ಎಂಜಿನ್ ಕಥಿ ಮುಗೀತೇನ್ರಿ?

ಪ್ರಶ್ನೆ: ಸರ, ಎಲೆಕ್ಟ್ರಿಕ್ ಕಾರಿಗೆ ಸೊನ್ನೆ ಆರ್‌ಪಿಎಂನಾಗೇ ಫುಲ್ ಟಾರ್ಕ್ ಇರ್ತದಂತ. ಪೆಟ್ರೋಲ್ ಗಾಡಿ ಗೇರ್ ಹಾಕೂದ್ರಾಗ ಅದು ಮುಂದ ಹೋಗಿರ್ತದ. ಹಂಗಾದ್ರ ಡ್ರ್ಯಾಗ್ ರೇಸಿಗೆ ಇನ್ನ ಎಂಜಿನ್ ಯಾಕ ಬೇಕ್ರಿ?
(ಗೋಕಾಕದ ಓದುಗರೊಬ್ಬರು)

ಉತ್ತರ: ಇದೇ ಪ್ರಶ್ನೆ ಚಿಕ್ಕೋಡಿಯಿಂದ ಬಂದಿದೆ, ಜಮಖಂಡಿಯಿಂದ ಬಂದಿದೆ, ಇಂಡಿಯಿಂದಲೂ ಬಂದಿದೆ. ಊರು ಬೇರೆ, "ಫುಲ್ ಟಾರ್ಕ್" ಎಂಬ ಮಾತು ಮಾತ್ರ ಎಲ್ಲರದೂ ಒಂದೇ. (ಟಾರ್ಕ್ ಅಂದರೆ ತಿರುಗಿಸುವ ಬಲ, ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ.) ಮೂರು ಸಾಲಿನಲ್ಲಿ ಹೇಳಿ ಹೇಳಿ ಸಾಕಾಯಿತು. ಈ ಸಲ ಲೆಕ್ಕ ಮಾಡಿಯೇ ತೋರಿಸುತ್ತೇನೆ, ಪೆನ್ನು ತಗೊಳ್ರಿ.

ಅವಸರ ಇದ್ದವರಿಗೆ ಚಿಕ್ಕ ಉತ್ತರ. ಶೋರೂಮಿನಿಂದ ನೇರ ಸ್ಟ್ರಿಪ್ಪಿಗೆ, ಅಂದರೆ ಡ್ರ್ಯಾಗ್ ರೇಸಿನ ನೇರ ಓಟದ ಪಟ್ಟಿಗೆ, ಬರುವ ಕಾರುಗಳಲ್ಲಿ ಎಲೆಕ್ಟ್ರಿಕ್ ಆಗಲೇ ಮೇಲುಗೈ ಸಾಧಿಸಿದೆ. ಕಾಲು ಮೈಲಿಗೆ, ಅಂದರೆ 402 ಮೀಟರಿಗೆ, ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಂಪನಿ ಹೇಳುವ ಪ್ರಕಾರ 9.23 ಸೆಕೆಂಡ್ ತಗೊಳ್ಳುತ್ತದೆ. ರಿಮಾಕ್ ನೆವೆರಾ 8.6 ಸೆಕೆಂಡಿನೊಳಗೆ ಮುಗಿಸಿದೆ. ಎಂಜಿನ್ ಕಡೆಯಿಂದ ಡಾಡ್ಜ್ ಡೀಮನ್ 170 ಒಂದು 8.91ಕ್ಕೆ ಬಂದು ಮಾನ ಉಳಿಸಿದೆ. ಆದರೆ ಮೇಲಿನ ಮಟ್ಟದಲ್ಲಿ, ನೈಟ್ರೋಮೀಥೇನ್ ಇಂಧನ ಕುಡಿಯುವ, ಟಾಪ್ ಫ್ಯುಯೆಲ್ ಎಂಬ ಅತಿ ವೇಗದ ವರ್ಗದ ಡ್ರ್ಯಾಗ್ ಗಾಡಿಗಳ ಹತ್ತಿರಕ್ಕೂ ಬ್ಯಾಟರಿ ಬಂದಿಲ್ಲ. ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. ಎರಡಕ್ಕೂ ಕಾರಣ ಟಾರ್ಕ್ ಅಲ್ಲ.

ಈಗ ಆ ಟಾರ್ಕಿನ ವಿಚಾರಕ್ಕೆ ಬರೋಣ.

ಗಾಡಿ ಮುಂದೆ ಹೋಗುವುದು ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲದಿಂದ. ಕಬ್ಬಿನ ಹಂಗಾಮಿನಲ್ಲಿ ಹಸಿ ಎರಿ ಹೊಲದಿಂದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಸಲರೇಟರ್ ತುಳಿದಷ್ಟೂ ಗಾಲಿ ನಿಂತಲ್ಲೇ ತಿರುಗಿ ತಗ್ಗು ತೋಡುತ್ತದೆ, ಮೂತಿ ಮೇಲೇಳುತ್ತದೆ, ಗಾಡಿ ಅಲ್ಲೇ ಇರುತ್ತದೆ. ಟಾರ್ಕಿಗೆ ಅಲ್ಲಿ ಬರವಿಲ್ಲ, ಗ್ರಿಪ್ಪಿಗೆ ಬರ.

ಒಣ ಡಾಂಬರಿನ ಮೇಲೆ ಒಳ್ಳೆಯ ರಸ್ತೆ ಟೈರು ಕೊಡುವ ಗ್ರಿಪ್ ಹೆಚ್ಚೂಕಡಿಮೆ ಗಾಡಿಯ ತೂಕದಷ್ಟೇ. ನಾಲ್ಕೂ ಗಾಲಿಗೆ ಶಕ್ತಿ ಹೋದರೂ ವೇಗೋತ್ಕರ್ಷ 1 ಜಿ (ಕೈಬಿಟ್ಟ ಕಲ್ಲು ಕೆಳಗೆ ಬೀಳುವಾಗಿನಷ್ಟು) ದಾಟುವುದು ಕಷ್ಟ. 1 ಜಿ ಲೆಕ್ಕದಲ್ಲಿ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 2.83 ಸೆಕೆಂಡ್ ಬೇಕು. ಇದಕ್ಕಿಂತ ಕಡಿಮೆ ಬೇಕೆಂದರೆ ಅಂಟು ಬಳಿದ ಸ್ಟ್ರಿಪ್ ಬೇಕು, ಇಲ್ಲವೇ ಸ್ಲಿಕ್, ಅಂದರೆ ಗೀರುಗಳಿಲ್ಲದ ನುಣುಪು, ಟೈರು ಬೇಕು. ಮೋಟರಿನಲ್ಲಿ ಇನ್ನೂ ಸಾವಿರ ನ್ಯೂಟನ್ ಮೀಟರ್ ಇದ್ದರೂ ಅದು ಹೊಗೆಯಾಗಿ ಹೋಗುತ್ತದೆ.

ನಮ್ಮಲ್ಲೇ ಮಾರಾಟವಾಗುವ ಗಾಡಿಯೊಂದನ್ನು ತಗೊಳ್ಳೋಣ. ಬಿವೈಡಿ ಸೀಲ್ ಪರ್ಫಾರ್ಮೆನ್ಸ್: 530 ಪಿಎಸ್, ಅಂದರೆ 390 ಕಿಲೋವ್ಯಾಟ್. ಚಾಲಕ ಸೇರಿ ತೂಕ ಸುಮಾರು 2,265 ಕೆ.ಜಿ. 1 ಜಿ ವೇಗೋತ್ಕರ್ಷಕ್ಕೆ ಬೇಕಾದ ಬಲ ಸುಮಾರು 22,200 ನ್ಯೂಟನ್. ಪವರ್ ಅಂದರೆ ಬಲ ಗುಣಿಸು ವೇಗ. 3,90,000 ವ್ಯಾಟನ್ನು 22,200ರಿಂದ ಭಾಗಿಸಿ ನೋಡ್ರಿ: ಸೆಕೆಂಡಿಗೆ 17.5 ಮೀಟರ್, ಗಂಟೆಗೆ 63 ಕಿ.ಮೀ. ನಷ್ಟಗಳನ್ನೆಲ್ಲ ಬಿಟ್ಟು ಹಾಕಿದ ಲೆಕ್ಕ ಇದು, ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆಯೇ ಆಗುತ್ತದೆ. ಅಲ್ಲಿಂದ ಮುಂದೆ ಗಾಡಿಯನ್ನು ಹಿಡಿದಿಡುವುದು ಪವರ್, ಟಾರ್ಕಿನ ಮಾತೇ ಇಲ್ಲ.

1 ಜಿಯಲ್ಲಿ 63 ಕಿ.ಮೀ. ವೇಗ ಮುಟ್ಟಲು ಎಷ್ಟು ದೂರ ಬೇಕು? 15.6 ಮೀಟರ್. 402 ಮೀಟರಿನಲ್ಲಿ 15.6! ಉಳಿದ 386 ಮೀಟರ್ ಪೂರ್ತಿ ಪವರ್ ಮತ್ತು ತೂಕದ ಲೆಕ್ಕ. "ಸೊನ್ನೆ ಆರ್‌ಪಿಎಂನಾಗೇ ಫುಲ್ ಟಾರ್ಕ್" ಎಂದು ಹೊಗಳುತ್ತಿರುವುದು ಈ ಮೊದಲ ಹದಿನೈದು ಮೀಟರನ್ನು ಮಾತ್ರ, ಅದರಲ್ಲೂ ಧಣಿ ಟೈರೇ.

"ಆದ್ರ ಪೆಟ್ರೋಲ್ ಎಂಜಿನ್ನಿಗೆ ಆ ಹದಿನೈದು ಮೀಟರಿನ್ಯಾಗೂ ಟಾರ್ಕ್ ಇರಂಗಿಲ್ಲಲ್ರಿ" ಅಂತ ಮರುಪ್ರಶ್ನೆ ಬರುತ್ತದೆ, ಗೊತ್ತು. ಇರುತ್ತದೆ. ಕ್ಲಚ್ ಇರುವುದು ಮತ್ತೆ ಯಾತಕ್ಕೆ? ಗಾಲಿ ನಿಂತಿದ್ದರೂ ಎಂಜಿನ್ ನಿಲ್ಲಬೇಕಿಲ್ಲ. ಡ್ರ್ಯಾಗ್ ಗಾಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಟ್ರಾನ್ಸ್‌ಬ್ರೇಕ್ ಇರುತ್ತದೆ. ಅದು ಗೇರ್‌ಬಾಕ್ಸನ್ನು ಬಂಧಿಸಿ ಹಿಡಿದಿರುವಾಗ ಟಾರ್ಕ್ ಕನ್ವರ್ಟರಿನ (ಕ್ಲಚ್ ಜಾಗದಲ್ಲಿ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ವಿರುದ್ಧ ಎಂಜಿನ್ 4,000–5,000 ಆರ್‌ಪಿಎಂಗೆ ಏರಿ ನಿಲ್ಲುತ್ತದೆ, ಟರ್ಬೊ ಬೂಸ್ಟ್ (ಎಂಜಿನ್ನಿಗೆ ಒತ್ತಿ ತುಂಬುವ ಗಾಳಿ) ಕಟ್ಟಿಕೊಂಡಿರುತ್ತದೆ. ಬಟನ್ ಬಿಟ್ಟ ಗಳಿಗೆಯಲ್ಲಿ ಗಾಲಿಯ ವೇಗ ಸೊನ್ನೆ, ಗಾಲಿಗೆ ಸಿಗುವ ಟಾರ್ಕ್ ಮಾತ್ರ ಟೈರು ತಡೆಯಲಾರದಷ್ಟು.

ಟಾಪ್ ಫ್ಯುಯೆಲ್ ಗಾಡಿಯಲ್ಲಿ ಗೇರ್‌ಬಾಕ್ಸೇ ಇಲ್ಲ. ಸೂಪರ್‌ಚಾರ್ಜರ್ ಹೊತ್ತ 8.2 ಲೀಟರಿನ ವಿ8, 90 ಶೇಕಡಾ ನೈಟ್ರೋಮೀಥೇನ್, ಅಂದಾಜು 11,000 ಎಚ್‌ಪಿ, ಎಲ್ಲವೂ ಒಂದೇ ಕ್ಲಚ್ ಪ್ಯಾಕ್ ಮೂಲಕ ಹಿಂದಿನ ಗಾಲಿಗೆ. ಆ ಕ್ಲಚ್ ಓಟದ ಬಹುಪಾಲು ಬೇಕೆಂದೇ ಜಾರುತ್ತಿರುತ್ತದೆ. ಎಲೆಕ್ಟ್ರಾನಿಕ್ ಟ್ರ್ಯಾಕ್ಷನ್ ಕಂಟ್ರೋಲ್‌ಗೆ ಅಲ್ಲಿ ನಿಷೇಧ ಇರುವುದರಿಂದ, ಯಾವ ಕ್ಷಣಕ್ಕೆ ಎಷ್ಟು ಒತ್ತಬೇಕೆಂದು ಟೈಮರಿನಲ್ಲಿ ಮೊದಲೇ ಕಟ್ಟಿಟ್ಟಿರುತ್ತಾರೆ. ಓಟದ ಉತ್ತರಾರ್ಧದಲ್ಲಷ್ಟೇ ಕ್ಲಚ್ ಪೂರ್ತಿ ಹಿಡಿಯುವುದು. ಓಟ ಮುಗಿದ ಮೇಲೆ ಡಿಸ್ಕುಗಳು ಬಿಸಾಡಲು. ಅಂದರೆ ಜಗತ್ತಿನ ಅತಿ ವೇಗದ ಡ್ರ್ಯಾಗ್ ತಂಡಗಳು ಓಟದ ಮೊದಲ ಭಾಗದಲ್ಲಿ ಟಾರ್ಕನ್ನು ಸುಟ್ಟು ಬೂದಿ ಮಾಡಲು ದುಡ್ಡು ಖರ್ಚು ಮಾಡುತ್ತಿವೆ. ನೀವು ಯಾವುದನ್ನು ಎಲೆಕ್ಟ್ರಿಕ್ಕಿನ ವರ ಅನ್ನುತ್ತಿದ್ದೀರೋ ಅದು ಅವರಿಗೆ ದಿನದ ತಲೆನೋವು.

ಹಾಗಾದರೆ ಎಲೆಕ್ಟ್ರಿಕ್ ಗೆಲ್ಲುವುದು ಯಾತರಿಂದ? ಹತೋಟಿಯಿಂದ. ಟೈರು ಜಾರುವುದನ್ನು ಗುರುತಿಸಿ ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದ ಮಾಡಿ ಕೊಡುವ ಸಾಧನ) ಕೆಲವೇ ಮಿಲಿಸೆಕೆಂಡುಗಳಲ್ಲಿ ಮೋಟರನ್ನು ಹದಕ್ಕೆ ತರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿ, ಸ್ಪಾರ್ಕ್ ಕತ್ತರಿಸಿ ಅದೇ ಕೆಲಸ ಮಾಡಿಸುವುದು ಒರಟು ಕೆಲಸ. ಗೇರ್ ಬದಲಾವಣೆಯೂ ಇಲ್ಲ. ಹೀಗಾಗಿ ಗಾಡಿ ಹತ್ತು ಸಲ ಓಡಿದರೂ ಟೈಮಿಂಗ್ ಹತ್ತಿರ ಹತ್ತಿರವೇ ಇರುತ್ತದೆ, ಸಾಮಾನ್ಯ ಚಾಲಕನ ಕೈಯಲ್ಲೂ.

ಇನ್ನೊಂದು ಲಾಭ ನಮ್ಮ ಕಡೆಯವರಿಗೇ ಹೇಳಿ ಮಾಡಿಸಿದ್ದು, ಆದರೆ ಯಾರೂ ಕೇಳುವುದಿಲ್ಲ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ವಿಜಯಪುರ ಸುಮಾರು 600. ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.05 ಕೆ.ಜಿ.; ಪುಸ್ತಕದ ಲೆಕ್ಕದಲ್ಲಿ 1.225 ಇರಬೇಕು. 14 ಶೇಕಡಾ ಗಾಳಿಯೇ ಇಲ್ಲ ಅಂದಮೇಲೆ ಟರ್ಬೊ ಇಲ್ಲದ ಎಂಜಿನ್ನಿನ ಪವರೂ ಹೆಚ್ಚೂಕಡಿಮೆ ಅಷ್ಟೇ ಹೋಯಿತು. ಮೋಟರಿಗೆ ಉಸಿರಾಟವೇ ಇಲ್ಲ. ಉಲ್ಟಾ, ತೆಳುವಾದ ಗಾಳಿಯಿಂದ ಎದುರುಗಾಳಿಯ ತಡೆ ಕಡಿಮೆಯಾಗುತ್ತದೆ.

ಇಷ್ಟಿದ್ದೂ ಟಾಪ್ ಫ್ಯುಯೆಲ್ಲಿಗೆ ಯಾಕೆ ಸಮ ಇಲ್ಲ? ಕಿಲೋ ಲೆಕ್ಕ ಹಾಕ್ರಿ. 11,000 ಎಚ್‌ಪಿ ಅಂದರೆ 8,200 ಕಿಲೋವ್ಯಾಟ್. ಕೆ.ಜಿ.ಗೆ 5 ಕಿಲೋವ್ಯಾಟ್ ಕೊಡುವ ಸೆಲ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಬರೀ ಸೆಲ್ ತೂಕ 1,640 ಕೆ.ಜಿ. ಚಾಲಕನನ್ನೂ ಸೇರಿಸಿ ಇಡೀ ಟಾಪ್ ಫ್ಯುಯೆಲ್ ಗಾಡಿಯ ತೂಕವೇ ಸುಮಾರು 1,060. ಮೋಟರು, ಇನ್ವರ್ಟರು, ತಾಮ್ರದ ಕೇಬಲ್ಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಎಲೆಕ್ಟ್ರಿಕ್ ಡ್ರ್ಯಾಗ್‌ಸ್ಟರ್ ಒಂದು ಕಾಲು ಮೈಲಿಯಲ್ಲಿ ಗಂಟೆಗೆ 200 ಮೈಲಿ, ಅಂದರೆ 322 ಕಿ.ಮೀ., ಮೊದಲ ಸಲ ದಾಟಿದ್ದು 2020ರಲ್ಲಿ, ಅಮೆರಿಕದ ಸ್ಟೀವ್ ಹಫ್ ಕೈಯಲ್ಲಿ. ಟಾಪ್ ಫ್ಯುಯೆಲ್ ಗಾಡಿಗಳು ಅದಕ್ಕಿಂತ ಕಡಿಮೆ ದೂರದಲ್ಲೇ ಗಂಟೆಗೆ 530 ಕಿ.ಮೀ. ದಾಟುತ್ತವೆ. 2008ರಲ್ಲಿ ಡ್ರ್ಯಾಗ್ ರೇಸರ್ ಸ್ಕಾಟ್ ಕಲಿಟ್ಟಾ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವುಗಳ ಓಟವನ್ನು 1,000 ಅಡಿಗೆ, 305 ಮೀಟರಿಗೆ, ಇಳಿಸಿದ್ದಾರೆ.

"ಬ್ಯಾಟರಿ ಖಾಲಿ ಆಗ್ತದಲ್ರಿ" ಎಂಬ ಎದುರುಪಕ್ಷದವರ ವಾದವೂ ಸುಳ್ಳು. ಮೇಲಿನ ಸೀಲ್ ಕಾರು 180 ಕಿ.ಮೀ. ವೇಗದಲ್ಲಿ ಗೆರೆ ದಾಟಿತು ಅಂದರೆ ಅದರ ಚಲನಶಕ್ತಿ ಹೆಸ್ಕಾಂ ಬಿಲ್ಲಿನ 0.8 ಯೂನಿಟ್. ನಷ್ಟ ಸೇರಿ ಒಂದೂವರೆ ಯೂನಿಟ್ ಹಿಡಿಯಿರಿ. ಪ್ಯಾಕಿನಲ್ಲಿ 80 ಯೂನಿಟ್ ಮೇಲೆಯೇ ಇದೆ.

ಕೆಡುವುದು ಬೇರೆ ಕಡೆ. ಚಾರ್ಜ್ 50 ಶೇಕಡಾಕ್ಕಿಂತ ಕೆಳಗಿದ್ದರೆ ಪ್ಯಾಕಿನ ವೋಲ್ಟೇಜ್ ಮೊದಲೇ ತಗ್ಗಿರುತ್ತದೆ. 700 ಆಂಪಿಯರ್ ಎಳೆದ ಕೂಡಲೇ ಇನ್ನಷ್ಟು ಕುಸಿದು, ಸ್ಟ್ರಿಪ್ಪಿನ ಅರ್ಧದ ನಂತರ ಗಾಡಿ ಸಪ್ಪಗಾಗುತ್ತದೆ. ಆದ್ದರಿಂದ 80ರಿಂದ 95 ಶೇಕಡಾ ಇರುವಾಗಲೇ ಓಡಿಸಿ. ಸೆಲ್ ತಣ್ಣಗಿದ್ದರೆ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ಕಾದಿದ್ದರೆ ಸಾಫ್ಟ್‌ವೇರೇ ಪವರ್ ಕಡಿತ ಮಾಡುತ್ತದೆ. ಬ್ಯಾಟರಿಯನ್ನು ಮೊದಲೇ ಹದ ಮಾಡಿಕೊಳ್ಳುವ ಸೌಲಭ್ಯ ಗಾಡಿಯಲ್ಲಿದ್ದರೆ ಓಟಕ್ಕೆ ಅರ್ಧ ಗಂಟೆ ಮುಂಚೆ ಹಾಕಿಡಿ. ಬೇಸಿಗೆಯಲ್ಲಿ ಎರಡು ಓಟದ ನಡುವೆ ನೆರಳಲ್ಲಿ ನಿಲ್ಲಿಸಿ ಕನಿಷ್ಠ 20–30 ನಿಮಿಷ ಬಿಡಿ. ಟೈರಿನ ಗಾಳಿಯನ್ನು ಕಂಪನಿ ಹೇಳಿದ್ದಕ್ಕಿಂತ 3–4 ಪಿಎಸ್‌ಐ ಇಳಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಎರಡು ಟನ್ ಗಾಡಿ 180ರಲ್ಲಿ ಹೋಗುವಾಗ ಮೆತ್ತಗಿನ ಟೈರಿನ ಗೋಡೆ ಓಲಾಡುತ್ತದೆ.

ಎಲ್ಲಿ ಓಡಿಸಬೇಕು ಅಂತೀರಿ? ಎನ್‌ಎಚ್ 48ರ ಮೇಲಲ್ಲ, ಎನ್‌ಎಚ್ 50ರ ಮೇಲೂ ಅಲ್ಲ. 180ರಿಂದ 0.7 ಜಿ ಬ್ರೇಕ್ ಹಾಕಿ ನಿಲ್ಲಲು ಸುಮಾರು 180 ಮೀಟರ್ ಬೇಕು, ಅದೂ ಎಲ್ಲ ಸರಿ ಇದ್ದಾಗ. ಹಿಂದೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರೇಲರ್ ರಾತ್ರಿ ನಿಮಗೆ ಕಾಣುವುದು ಅದಕ್ಕಿಂತ ಹತ್ತಿರದಲ್ಲಿ. ದೇಶದ ಮೋಟರ್ ಸ್ಪರ್ಧೆಗಳನ್ನು ನಡೆಸುವ ಸಂಸ್ಥೆ ಎಫ್‌ಎಂಎಸ್‌ಸಿಐ ಒಪ್ಪಿಗೆ ಇರುವ ಸ್ಪರ್ಧೆಗಳಿಗೆ ಹೋಗಿ.

ಕಬ್ಬಿನ ಮಾತು ಬಂತು, ಹಂಗೇ ಇನ್ನೊಂದು ಹೇಳಿಬಿಡುತ್ತೇನೆ, ಯಾರೂ ಕೇಳದಿದ್ದರೂ. ಎಂಜಿನ್ ಪಕ್ಷದವರು ನೈಟ್ರೋ ಕನಸು ಕಾಣುವ ಬದಲು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಇಳಿಸುವ ಎಥೆನಾಲ್ ಕಡೆ ಯಾಕೆ ನೋಡುವುದಿಲ್ಲ? ಡೀಮನ್ 170 ಇ10 (10 ಶೇಕಡಾ ಎಥೆನಾಲ್ ಬೆರೆತ) ಪೆಟ್ರೋಲಿನಲ್ಲಿ 900 ಎಚ್‌ಪಿ, ಇ85ರಲ್ಲಿ (85 ಶೇಕಡಾವರೆಗೂ ಎಥೆನಾಲ್) 1,025. ಹಾಗಂತ ಎಥೆನಾಲಿನಲ್ಲಿ ಶಕ್ತಿ ಜಾಸ್ತಿ ಇದೆ ಅಂದುಕೊಳ್ಳಬೇಡಿ. ಒಂದು ಕೆ.ಜಿ. ಗಾಳಿಗೆ ಪೆಟ್ರೋಲೂ ಎಥೆನಾಲೂ ಕೊಡುವ ಶಾಖ ಸುಮಾರು 3 ಮೆಗಾಜೂಲ್, ಎರಡೂ ಸರಿಸಮ. ನೈಟ್ರೋಮೀಥೇನ್ ಅದೇ ಗಾಳಿಗೆ 6.6 ಕೊಡುತ್ತದೆ, ಅದರ ಗುಟ್ಟು ಅಲ್ಲಿದೆ. ಎಥೆನಾಲಿನ ಲಾಭ ತಂಪು ಮತ್ತು ಆಕ್ಟೇನ್: ಆವಿಯಾಗುವಾಗ ಒಳಬರುವ ಗಾಳಿಯನ್ನು ತಣಿಸುತ್ತದೆ, ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು) ಇಲ್ಲದೆ ಬೂಸ್ಟ್ ಏರಿಸಬಹುದು. ಟರ್ಬೊ, ಸೂಪರ್‌ಚಾರ್ಜರ್ ಎರಡೂ ಇಲ್ಲದ ಗಾಡಿಗೆ ಅಂಥಾ ಲಾಭ ಏನೂ ಇಲ್ಲ.

ಮಾಡುವುದಿದ್ದರೆ ಟ್ಯೂನರ್ ಹತ್ತಿರವೇ ಮಾಡಿಸಿ. ಶುದ್ಧ ಎಥೆನಾಲ್ ಪೆಟ್ರೋಲಿನ ಒಂದೂವರೆ ಪಟ್ಟು ಹರಿಯಬೇಕು. 550 ಸಿಸಿ ಇಂಜೆಕ್ಟರ್ ಇದ್ದಲ್ಲಿ 850 ಸಿಸಿ ಬೇಕು, ಪಂಪೂ ಅದಕ್ಕೆ ತಕ್ಕದ್ದು. ಇಂಧನ ಕಡಿಮೆಯಾಗಿ ಲೀನ್ ಓಡಿದರೆ ಪಿಸ್ಟನ್ ಕರಗುತ್ತದೆ. ಹಳೆಯ ರಬ್ಬರ್ ಪೈಪು ಉಬ್ಬಿ ಸೋರುತ್ತದೆ, ಟೆಫ್ಲಾನ್ ಪೈಪ್ ಹಾಕಿಸಿ. ಬೆಳಗಾವಿಯ ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳ ಸಡಿಲ ಬಿಟ್ಟರೆ ಎಥೆನಾಲ್ ಗಾಳಿಯ ನೀರನ್ನೆಲ್ಲ ಹೀರುತ್ತದೆ, ಡಿಸೆಂಬರಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮೊದಲ ಟ್ಯಾಂಕ್ ಮುಗಿದ ಕೂಡಲೇ ಫ್ಯುಯೆಲ್ ಫಿಲ್ಟರ್ ಬದಲಿಸಿ. ಹಳೆಯ ಟ್ಯಾಂಕಿನ ತಳದ ಕೊಳೆಯನ್ನೆಲ್ಲ ಎಥೆನಾಲ್ ಎಬ್ಬಿಸಿ ತಂದು ಅಲ್ಲೇ ಕಟ್ಟಿಸಿರುತ್ತದೆ.