ಎಣ್ಣೆ ಚೆಲ್ಲಿದ್ದು ಕಡಲಿಗೆ, ಗುಮಾನಿ ಹತ್ತಿದ್ದು ಘಾಟಿ

2025ರ ಮೇ ಕೊನೆಯ ವಾರ. ವಿರಾಜಪೇಟೆಯಲ್ಲಿ ಮತ್ತಿ ಮೀನು ಕೊಳ್ಳಲು ಬಂದವರು ರೇಟು ಕೇಳುವ ಮೊದಲೇ "ಇದು ಎಲ್ಲಿಯ ಮೀನು?" ಅಂತ ಕೇಳುತ್ತಿದ್ದರು. ಕೊಚ್ಚಿಯ ಆಚೆ ಹಡಗೊಂದು ಮುಳುಗಿತ್ತು. ಕೊಡಗಿಗೆ ಕಡಲಿಲ್ಲ. ಆದರೆ ಮೀನು ಕೇರಳದಿಂದ ಮಾಕುಟ್ಟದ ಘಾಟಿ ದಾರಿಯಲ್ಲಿ ಮೇಲೆ ಬರುತ್ತದೆ, ಸುದ್ದಿಯೂ ಅದೇ ದಾರಿಯಲ್ಲಿ ಬರುತ್ತದೆ.

ಆ ವಾರ ನಾನು ಮೂರು ಬಗೆಯ ಮಾತು ಕೇಳಿದೆ. ಕೇರಳದ ವಿಳಿಂಜಂನ ಹೊಸ ಬಂದರಿನ ಹೆಸರು ಕೆಡಿಸಲು ಹಡಗು ಮುಳುಗಿಸಿದ್ದಾರೆ ಅಂತ ಒಬ್ಬರು. ಇನ್ಶೂರೆನ್ಸ್ ಹಣಕ್ಕೆ ಅಂತ ಇನ್ನೊಬ್ಬರು. ಡೀಸೆಲ್ ರೇಟು ಏರಿಸಲು ಇದೊಂದು ನೆಪ ಅಂತ ಮತ್ತೊಬ್ಬರು. ಹೇಳಿದವರು ಯಾರೂ ಪೆದ್ದರಲ್ಲ. ಇಂಥ ಗುಮಾನಿಗೆ ಹಳೆಯ ಬೇರಿದೆ.

1967ರಲ್ಲಿ ಇಂಗ್ಲೆಂಡಿನ ತುದಿಯಲ್ಲಿ ಟಾರಿ ಕ್ಯಾನ್ಯನ್ ಎಂಬ ಟ್ಯಾಂಕರ್ ಬಂಡೆಗೆ ಬಡಿಯಿತು. ದೊಡ್ಡ ಎಣ್ಣೆ ಸೋರಿಕೆ ಏನೆಂದು ಜಗತ್ತು ಕಂಡದ್ದು ಆಗ. 1973ರಲ್ಲಿ ಅರಬ್ ದೇಶಗಳು ಸರಬರಾಜು ಬಿಗಿ ಮಾಡಿದವು, ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ತುಂಬಿದ ಟ್ಯಾಂಕರ್‌ಗಳನ್ನು ಬೇಕಂತಲೇ ಕಡಲಲ್ಲಿ ನಿಲ್ಲಿಸಿದ್ದಾರೆ ಎಂದು ಅಮೆರಿಕದ ಜನ ನಂಬಿದರು. 1989ರಲ್ಲಿ ಅಲಾಸ್ಕಾದಲ್ಲಿ ಮತ್ತೊಂದು ಟ್ಯಾಂಕರ್ ಬಡಿದು ಎಣ್ಣೆ ಸೋರಿತು. 1991ರ ಕೊಲ್ಲಿ ಯುದ್ಧದಲ್ಲಂತೂ ಲಕ್ಷಾಂತರ ಬ್ಯಾರೆಲ್ ಎಣ್ಣೆಯನ್ನು ಬೇಕಂತಲೇ ಕಡಲಿಗೆ ಬಿಡಲಾಯಿತು. ಅಂದರೆ ಗುಮಾನಿ ಯಾವಾಗಲೂ ಸುಳ್ಳಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನದು ಮಾತಾಡಬೇಕು.

2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ಕಡಲ ವೇದಿಕೆಯ ಸ್ಫೋಟದಲ್ಲಿ 11 ಜನ ಸತ್ತರು. ಬಾವಿ 87 ದಿನ ಉಕ್ಕಿತು. ಅಧಿಕಾರಿಗಳು ಮೊದಲು ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಅಂದರು. ಆಮೇಲೆ 5,000 ಅಂದರು. ವಿಜ್ಞಾನಿಗಳು ಲೆಕ್ಕ ಹಾಕಿದಾಗ ಅದು 50 ಸಾವಿರ ದಾಟಿತು. ಮೊದಲ ಲೆಕ್ಕವೇ ಇಷ್ಟು ತಪ್ಪಿದ ಮೇಲೆ ಆಮೇಲಿನ ಮಾತನ್ನು ಯಾರು ನಂಬುತ್ತಾರೆ? ವಿಧ್ವಂಸಕ ಕೃತ್ಯ ಎಂಬ ಕಥೆಗಳು ಹುಟ್ಟಿದವು. ತನಿಖೆಯಲ್ಲಿ ಸಿಕ್ಕಿದ್ದು ಬೇರೆ: ಸರಿಯಾಗಿ ಹಿಡಿಯದ ಸಿಮೆಂಟು, ತಪ್ಪಾಗಿ ಓದಿದ ಒತ್ತಡದ ಪರೀಕ್ಷೆ, ಕೈಕೊಟ್ಟ ಸುರಕ್ಷಾ ಯಂತ್ರ. ಕಥೆಗೆ ಬೇಕಾದ ಖಳನಾಯಕ ಅದರಲ್ಲಿ ಇರಲಿಲ್ಲ.

ಈಗ ನಮ್ಮ ಹತ್ತಿರದ್ದಕ್ಕೆ ಬರೋಣ. ಎಂಎಸ್‌ಸಿ ಎಲ್ಸಾ 3 ವಿಳಿಂಜಂನಿಂದ ಕೊಚ್ಚಿಗೆ ಹೊರಟ ಕಂಟೇನರ್ ಹಡಗು, ಎಣ್ಣೆ ಸಾಗಿಸುವ ಟ್ಯಾಂಕರ್ ಅಲ್ಲ. 1997ರಲ್ಲಿ ಕಟ್ಟಿದ್ದು. ಮೇ 24ರಂದು ವಾಲಿತು, 25ರಂದು ಮುಳುಗಿತು. 24 ಸಿಬ್ಬಂದಿಯೂ ಬದುಕಿದರು. ಒಳಗೆ 640 ಕಂಟೇನರ್ ಇದ್ದವು. ಅದರಲ್ಲಿ 13 ಅಪಾಯಕಾರಿ ಸರಕಿನವು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ನೀರು ತಾಗಿದರೆ ಹೊತ್ತಿ ಉರಿಯುವ ಅಸಿಟಿಲೀನ್ ಗ್ಯಾಸ್ ಬರುತ್ತದಲ್ಲ, ಅದೇ. ಟ್ಯಾಂಕಿನಲ್ಲಿ ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್.

ಡೀಸೆಲ್ ರೇಟಿನ ಮಾತಿಗೆ ಉತ್ತರ ಇಲ್ಲಿಯೇ ಇದೆ. ಇದು ಹಡಗು ಓಡಲು ಇಟ್ಟುಕೊಂಡ ಇಂಧನ. ಎರಡೂ ಸೇರಿದರೆ 3,000 ಬ್ಯಾರೆಲ್ ಆಸುಪಾಸು. ನಮ್ಮ ದೇಶ ದಿನಕ್ಕೆ 50 ಲಕ್ಷ ಬ್ಯಾರೆಲ್‌ಗೂ ಜಾಸ್ತಿ ಬಳಸುತ್ತದೆ. ಅಂದರೆ ಆ ಹಡಗಿನಲ್ಲಿ ಇದ್ದದ್ದು ದೇಶಕ್ಕೆ ಒಂದು ನಿಮಿಷಕ್ಕೂ ಸಾಲುವುದಿಲ್ಲ. ಆದರೆ ಆ ಕರಾವಳಿಯ ಮೀನುಗಾರರಿಗೆ ಅಷ್ಟೇ ಸಾಕಾಯಿತು. ಹಡಗು ಮುಳುಗಿದ ಜಾಗದ ಸುತ್ತ 20 ನಾಟಿಕಲ್ ಮೈಲಿ ಬಲೆ ಬೀಸಬೇಡಿ ಅಂದರು. ದಡದ ತುಂಬ ಪ್ಲಾಸ್ಟಿಕ್ ಕಾಳು ಬಂದು ಬಿತ್ತು. ಯಾವ ಕಂಟೇನರ್‌ನಲ್ಲಿ ಏನಿತ್ತು ಎಂಬ ಪೂರ್ತಿ ಪಟ್ಟಿ ಜನರ ಕೈಗೆ ಬಂದದ್ದು ಜೂನ್‌ನಲ್ಲಿ. ಗಾಳಿಮಾತು ಬೆಳೆದದ್ದು ಆ ನಡುವಿನ ದಿನಗಳಲ್ಲೇ.

ಅಷ್ಟರಲ್ಲಿ ಜೂನ್ 9ರಂದು ಉತ್ತರ ಕೇರಳದ ಆಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಹದಿನೈದೇ ದಿನದಲ್ಲಿ ಎರಡನೆಯದು! ಅದೇ ರಾತ್ರಿ ಕೇರಳದಲ್ಲಿ ಟ್ರಾಲಿಂಗ್, ಅಂದರೆ ಯಂತ್ರದ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದರ, ನಿಷೇಧವೂ ಶುರುವಾಯಿತು. ನಮ್ಮ ಮಾರ್ಕೆಟ್‌ನಲ್ಲಿ ಬುಟ್ಟಿಗಳು ಖಾಲಿಯಾದವು. "ನೋಡಿದ್ರಾ, ವಿಷ ಅಂತ ಗೊತ್ತಾಗಿ ಸುಮ್ನೆ ನಿಲ್ಲಿಸಿದ್ದಾರೆ" ಅಂತ ನನ್ನ ಪರಿಚಯದ ಹಿರಿಯರೊಬ್ಬರು ಹೇಳಿದರು. ಮಳೆಗಾಲದ ಈ 52 ದಿನದ ನಿಷೇಧ ಪ್ರತಿ ವರ್ಷದ್ದು, ಮೀನು ಮರಿ ಮಾಡಲಿ ಅಂತ ಇರುವುದು. ಅದು ಅವರಿಗೂ ಗೊತ್ತಿತ್ತು. ಹೆದರಿಕೆಯಲ್ಲಿ ಮರೆತಿದ್ದರು.

ಅವರನ್ನು ನಾನು ದೂರುವುದಿಲ್ಲ. ಕೊಡಗಿನವರು ಇಂಥದ್ದನ್ನು ನೋಡಿದ್ದೇವೆ. ಮೈಸೂರು–ಕೋಯಿಕ್ಕೋಡ್ 400 ಕೆವಿ ವಿದ್ಯುತ್ ಮಾರ್ಗ ದಕ್ಷಿಣ ಕೊಡಗಿನ ಮೂಲಕ ಹಾದುಹೋದಾಗ ಸಾವಿರಾರು ಮರ ಉರುಳಿದವು. 2015ರಲ್ಲಿ ಪೊಲೀಸ್ ಕಾವಲಿನಲ್ಲಿ ಕೆಲಸ ನಡೆಯಿತು. ನಿಜವಾದ ಕಣ್ಣು ಕರೆಂಟಿನ ಮೇಲೋ ಮರದ ಮೇಲೋ ಎಂದು ಜನ ಕೇಳಿದರು. ಬೇರೆ ದಾರಿ ಯಾಕೆ ಆಗಲಿಲ್ಲ ಎಂಬುದನ್ನು ಊರೂರಿಗೆ ಬಂದು ನಕ್ಷೆ ಬಿಡಿಸಿ ತೋರಿಸಿದ್ದರೆ ಅರ್ಧ ಗುಮಾನಿ ಅಲ್ಲೇ ಇಳಿಯುತ್ತಿತ್ತು.

ಡೀಸೆಲ್ ವಿಷಯ ಇದಕ್ಕಿಂತ ಬೇರೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು, ಪಂಪ್ ಓಡುವುದು ಡೀಸೆಲ್‌ನಲ್ಲಿ. ಹಾಗಾಗಿ ಲೀಟರಿಗೆ ಒಂದು ರೂಪಾಯಿ ಏರಿದರೂ ತೋಟದವರಿಗೆ ಉರಿಯುತ್ತದೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತ ಬಿಟ್ಟಿತು. ಆಗ ಕಚ್ಚಾ ತೈಲ ಅಗ್ಗವಾಗುತ್ತಿತ್ತು, ತೆರಿಗೆ ಮತ್ತೆ ಮತ್ತೆ ಏರಿತು. ಅದು ಗುಟ್ಟಾಗಿ ನಡೆದದ್ದಲ್ಲ, ಆದೇಶಗಳು ಬಹಿರಂಗವಾಗಿಯೇ ಇವೆ. ಮುಳುಗಿದ ಹಡಗಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಈ ಆದೇಶ ಓದಿದವರು ಎಷ್ಟು ಜನ?

ಹಾಗೆಯೇ ಕಡಲಿನ ವಿಷಯದಲ್ಲೂ ಕೇಳಬೇಕಾದ್ದು ಬೇರೆ ಇದೆ. 28 ವರ್ಷದ ಹಡಗನ್ನು ಕೊನೆಯ ಸಲ ಯಾರು ಪರೀಕ್ಷೆ ಮಾಡಿದರು? ಹಡಗಿನ ಧ್ವಜ ಒಂದು ದೇಶದ್ದು, ಮಾಲೀಕರು ಇನ್ನೊಂದು ಕಡೆ, ನಷ್ಟ ಮಾತ್ರ ನಮ್ಮ ಕರಾವಳಿಗೆ. ಈ ಏರ್ಪಾಡು ಬಂದದ್ದು ಹೇಗೆ? ಗುಟ್ಟಿನ ಕಥೆಯಷ್ಟು ರುಚಿ ಇವಕ್ಕಿಲ್ಲ, ಆದರೆ ಇವಕ್ಕೆ ಉತ್ತರ ಇದೆ.

ನನಗೆ ಸದ್ಯಕ್ಕೆ ಬೇಕಾದ್ದು ಇನ್ನೂ ಚಿಕ್ಕದು. ಮುಂದಿನ ಸಲ ಹೀಗಾದಾಗ ಮೀನಿನ ಪರೀಕ್ಷೆಯ ಫಲಿತಾಂಶ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿಯ ಮಾರ್ಕೆಟ್ ಗೋಡೆಗೆ ಅಂಟಿರಬೇಕು. "ಇದು ಎಲ್ಲಿಯ ಮೀನು?" ಅಂತ ಕೇಳಿದರೆ ಮಾರುವವನು ಕೈ ತೋರಿಸುವಷ್ಟು ಹತ್ತಿರದಲ್ಲಿ.